ಮೂವರೂ ಇದ್ದೇವೆ

ವಾರಿಜಾಕ್ಷಿಯನ್ನು ಆಯಾ ಅಂತ ಕರೆದವರ ಗ್ರಹಚಾರ ಅವತ್ತು ನೆಟ್ಟಗಿಲ್ಲ ಅಂತಲೇ ಲೆಕ್ಕ. ಡ್ರೈವರ್ ಆಗಲಿ, ಮಕ್ಕಳ ಅಮ್ಮಂದಿರಾಗಲಿ, ಕೊನೆಗೆ ಪ್ರಿನ್ಸಿಪಾಲರೇ ಆಗಲಿ, ಬಿಡುವವಳಲ್ಲ. "ನಾನು ಬಸ್ ಅಟೆಂಡೆಂಟ್. ಕಾರ್ಡಿನಲ್ಲಿ ಬರೆದದ್ದುಂಟು, ನೋಡಿ," ಅಂತ ಕುತ್ತಿಗೆಯ ಕಾರ್ಡನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಾಳೆ. ದುಬೈಯ ಒಂದು ಶಾಲೆಯ ಬಸ್ಸಿನಲ್ಲಿ ಅವಳದು ಇಪ್ಪತ್ತೆರಡು ವರ್ಷದ ಚಾಕರಿ. ಬೆಳಿಗ್ಗೆ ಮುಹೈಸ್ನಾದ ಡಿಪೋದಿಂದ ಹೊರಟರೆ ನಲವತ್ತೊಂದು ಮಕ್ಕಳು. ಮೂಗು ಒರೆಸುತ್ತಾಳೆ, ವಾಂತಿ ತೊಳೆಯುತ್ತಾಳೆ, ಬೆಲ್ಟು ಕಟ್ಟುತ್ತಾಳೆ. ಆದರೂ ಆಯಾ ಅಲ್ಲ.

ಅವಳ ನಿಜವಾದ ಕೆಲಸ ಎಣಿಸುವುದು. ಮಕ್ಕಳು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಎಲ್ಲರೂ ಇಳಿದ ಮೇಲೆ ಬಸ್ಸಿನ ಕೊನೆಯ ಸೀಟಿನವರೆಗೆ ನಡೆದು, ಪ್ರತಿ ಸೀಟಿನ ಅಡಿಗೂ ಬಗ್ಗಿ ನೋಡಿ, ಹಿಂದಿನ ಗುಂಡಿ ಒತ್ತಬೇಕು. ಒತ್ತದಿದ್ದರೆ ಸೈರನ್ ಕೂಗುತ್ತದೆ. ಗಲ್ಫಿನ ಬಿಸಿಲು ಗೊತ್ತಲ್ಲ? ಮುಚ್ಚಿದ ಬಸ್ಸಿನಲ್ಲಿ ನಿದ್ದೆಹೋದ ಮಗು ಉಳಿದರೆ ಮುಂದಿನ ಮಾತು ಬಾಯಲ್ಲಿ ಹೇಳುವಂಥದ್ದಲ್ಲ. ಮೊಣಕಾಲು ನೋವೆಂದು ಬಗ್ಗದೆ ಗುಂಡಿ ಒತ್ತುವವರೂ ಇದ್ದಾರೆ, ಅವಳಿಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಬ್ಬರನ್ನೂ ಬಿಟ್ಟು ಬಂದವಳಲ್ಲ. ಆಸ್ತಿ ಅಂತ ಅವಳಿಗೆ ಇದ್ದದ್ದು ಅದೊಂದೇ.

ಆಯಾ ಅಂದರೆ ಯಾಕಿಷ್ಟು ಕೋಪ? ಯಾಕೆಂದರೆ ಅವಳು ಒಂದು ಕಾಲದಲ್ಲಿ ಆಯಾ ಆಗಿದ್ದಳು. ಕಾಪುವಿನಿಂದ ಅಬುಧಾಬಿಗೆ ಬಂದದ್ದೇ ಮನೆಗೆಲಸದ ವೀಸಾದಲ್ಲಿ. ದೊಡ್ಡ ವಿಲ್ಲಾ, ಅವಳಿ ಮಕ್ಕಳು, ಅಡಿಗೆಮನೆ ಪಕ್ಕದ ಕಿಟಕಿಯಿಲ್ಲದ ಕೋಣೆ, ನಾಲ್ಕು ವರ್ಷ. ಆ ಮಕ್ಕಳನ್ನು ಚುಚ್ಚುಮದ್ದಿಗೆ ಕರೆದೊಯ್ಯುತ್ತಿದ್ದ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದವಳು ಮಂಗಳೂರಿನ ರೊಸಲಿನ್. ಶಾಲೆಯ ಬಸ್ಸಿಗೆ ಜನ ಬೇಕು ಅಂತ ಹೇಳಿದವಳು ಅವಳೇ. ಹೇಳಿದ್ದು ಒಂದು ಸಲ, ಹೇಳಿದ್ದನ್ನು ನೆನಪಿಸಿದ್ದು ಇಪ್ಪತ್ತೆರಡು ವರ್ಷ. "ನಾನಿಲ್ಲದಿದ್ರೆ ನೀನು ಇವತ್ತಿಗೂ ಅಬುಧಾಬಿಯಲ್ಲಿ ಪಾತ್ರೆ ತಿಕ್ಕುದೇ," ಅನ್ನುತ್ತಿದ್ದಳು. ವಾರಿಜಾಕ್ಷಿ ಅವಳಿಗೆ ನೀವು, ಕೊಂಕಣಿಯವರ ಮರ್ಯಾದೆಯಲ್ಲಿ ರೊಸಲಿನ್ ಬಾಯಿ ಅನ್ನುತ್ತಾಳೆ. ರೊಸಲಿನ್ ಇವಳಿಗೆ ನೀನು, ವಾರಿಜ ಅನ್ನುತ್ತಾಳೆ. ಇದಕ್ಕೆ ಗೆಳೆತನ ಅಂತ ಹೆಸರು.

ರೊಸಲಿನ್ ಕೆಲಸದಿಂದ ನಿವೃತ್ತಳಾಗುವ ವರ್ಷ ಇಂಗ್ಲೆಂಡಿಗೆ ಹೋಗುವ ಆಸೆ ಎದ್ದಿತು. ರಾಜರ ಅರಮನೆ, ಕೋಟೆ, ರೋಮನರ ಸ್ನಾನದ ಕೊಳ, ಎಲ್ಲ ನೋಡಬೇಕು. ಸತ್ವಾದಲ್ಲಿ ಗಂಡನ ಜೊತೆ ಟೈಲರ್ ಅಂಗಡಿ ನಡೆಸುವ ಬ್ಯಾರಿ ಹೆಂಗಸು ಸೌದಾ ಮೊದಲೇ ಸೇರಿದ್ದಳು. ವಾರಿಜಾಕ್ಷಿಗೂ ಒಂದು ಚಪಲ ಇತ್ತು. ಬಸ್ಸಿನ ಹುಡುಗಿಯೊಬ್ಬಳು ಪಾಠಪುಸ್ತಕದಲ್ಲಿ ಸ್ಟೋನ್‌ಹೆಂಜ್ ಅಂತ ದೊಡ್ಡ ಕಲ್ಲುಗಳ ಚಿತ್ರ ತೋರಿಸಿದ್ದಳು. ಯಾರು ಇಟ್ಟದ್ದು ಮಗೂ ಅಂತ ಕೇಳಿದರೆ, "ನೋಬಡಿ ನೋಸ್, ಆಂಟಿ," ಅಂದಿತ್ತು ಮಗು. ಯಾರಿಟ್ಟರೆಂದು ಯಾರಿಗೂ ಗೊತ್ತಿಲ್ಲದ ಕಲ್ಲನ್ನು ಒಮ್ಮೆ ನೋಡಬೇಕು ಅಂತ ಅವಳಿಗೆ ಆವತ್ತಿನಿಂದ ಇತ್ತು. ಜುಲೈಯಲ್ಲಿ ಶಾಲೆಗೆ ರಜೆ. ವೀಸಾ ಬಂತು, ಮೂವರೂ ತಂತಮ್ಮ ದುಡ್ಡಿನಲ್ಲಿ ಹೊರಟರು.

ಜಗಳ ಶುರುವಾದದ್ದು ಲಂಡನ್ನಿನ ಏರ್‌ಪೋರ್ಟಿನಲ್ಲೇ. ಇಮಿಗ್ರೇಷನ್ ಕೌಂಟರಿನ ಹೆಂಗಸು, ನೀವು ಮೂವರು ಒಬ್ಬರಿಗೊಬ್ಬರು ಏನಾಗಬೇಕು ಅಂತ ಕೇಳಿದಳು. ಸಾದಾ ಪ್ರಶ್ನೆ. ಫ್ರೆಂಡ್ಸ್ ಅಂದಿದ್ದರೆ ಮುಗಿಯಿತು. ರೊಸಲಿನ್ ಮಹಾ ಬುದ್ಧಿವಂತೆಯಲ್ಲವೇ? ವಾರಿಜಾಕ್ಷಿಯನ್ನು ಬೆರಳು ಮಾಡಿ ತೋರಿಸಿ, "ಶಿ ಈಸ್ ಮೈ ಹೌಸ್‌ಮೇಡ್," ಅಂದುಬಿಟ್ಟಳು. ಗಲ್ಫಿನ ದೊಡ್ಡ ಮನೆಯವರು ರಜೆಗೆ ಹೋಗುವಾಗ ಕೆಲಸದವಳನ್ನು ಜೊತೆಗೆ ಕರೆದೊಯ್ಯುತ್ತಾರೆ, ಅಂಥವರಿಗೆ ಪ್ರಶ್ನೆ ಕಮ್ಮಿ ಎಂಬುದು ಅವಳ ಲೆಕ್ಕಾಚಾರ. ಆ ಹೆಂಗಸು ಕಂಪ್ಯೂಟರ್ ನೋಡಿದಳು, ವಾರಿಜಾಕ್ಷಿಯನ್ನು ನೋಡಿದಳು. ಅರ್ಜಿಯಲ್ಲಿ ಶಾಲಾ ಬಸ್ಸಿನ ಅಟೆಂಡೆಂಟ್ ಅಂತ ಇದೆ, ಇವರು ಮನೆಗೆಲಸದವಳು ಅನ್ನುತ್ತಿದ್ದಾರೆ, ಯಾವುದು ನಿಜ? ಮುಗಿಯಿತು ಕಥೆ. ಮೂವರನ್ನೂ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಹಾಗಾಯಿತು.

ಒಂದೂವರೆ ಗಂಟೆಯ ಮೇಲೆ ಬಿಟ್ಟರು. ಹೊರಗೆ ಬಂದು ವಾರಿಜಾಕ್ಷಿ ಕೇಳಿದಳು. "ಯಾಕೆ ಹಾಗೆ ಹೇಳಿದ್ದು ರೊಸಲಿನ್ ಬಾಯಿ?"

"ಸುಲಭ ಆಗ್ಲಿ ಅಂತ ಹೇಳಿದ್ದು ಮಾರಾಯ್ತಿ! ಅದರಲ್ಲಿ ಎಂತ ಉಂಟು? ನೀನು ಇದ್ದದ್ದು ಅದೇ ಅಲ್ವಾ?"

"ಇದ್ದದ್ದು. ಈಗ ಅಲ್ಲ."

"ಅಬ್ಬ, ಇವಳ ಬಿಗುಮಾನ ನೋಡು ಸೌದಾ. ಯಲ್ಲಾ, ಬ್ಯಾಗ್ ಹಿಡಿ, ಟ್ಯಾಕ್ಸಿ ಹೋಗ್ತದೆ."

ಸೌದಾ ನಕ್ಕಳು. ಸೌದಾಳಿಗೆ ಯಾರು ಜೋರೋ ಅವರ ಕಡೆ ನಗುವುದು ಅಭ್ಯಾಸ, ಅಂಗಡಿ ನಡೆಸುವವಳು ಪಾಪ. ವಾರಿಜಾಕ್ಷಿ ಬ್ಯಾಗು ಹಿಡಿದಳು. ಆಮೇಲೆ ಅದು ಅವಳ ಕೈಯಿಂದ ಇಳಿಯಲೇ ಇಲ್ಲ. ಲಂಡನ್ನಿನ ಹಳೆಯ ಕೋಟೆಯಲ್ಲಿ ರಾಜರ ಕಿರೀಟ ನೋಡಲು ಸಾಲು ನಿಂತಾಗ ರೊಸಲಿನ್ ಬೆಂಚಿನಲ್ಲಿ ಕೂತಳು, ಅವಳ ಜಾಗ ಹಿಡಿದು ನಿಂತವಳು ಇವಳು. "ವಾರಿಜ, ನೀರು. ವಾರಿಜ, ಕೊಡೆ. ವಾರಿಜ, ನನ್ನ ಮಾತ್ರೆ." ಮೂರು ದಿನದಲ್ಲಿ ಅವಳಿಗೆ ಇಂಗ್ಲೆಂಡ್ ಕಂಡದ್ದು ರೊಸಲಿನ್‌ಳ ಬೆನ್ನಿನ ಎಡಬಲದಲ್ಲಿ ಎಷ್ಟು ಕಂಡಿತೋ ಅಷ್ಟು.

ನಾಲ್ಕನೇ ದಿನ ದೊಡ್ಡ ಬಸ್ಸಿನಲ್ಲಿ ಟೂರು. ಬೆಳಿಗ್ಗೆ ವಿಂಡ್ಸರ್ ಅರಮನೆ, ಮಧ್ಯಾಹ್ನ ಬಾತ್ ಊರಿನ ರೋಮನ್ ಕೊಳ, ಸಂಜೆ ಸ್ಟೋನ್‌ಹೆಂಜ್. ಗೈಡ್ ಕಾಲಿನ್ ಅಂತ ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಇಸ್ತ್ರಿ ಮಾಡಿದ ನೀಲಿ ಕೋಟು. ಜನ ಹತ್ತುವಾಗ ವಾರಿಜಾಕ್ಷಿಯ ತುಟಿ ತನ್ನಷ್ಟಕ್ಕೆ ಎಣಿಸುತ್ತಿತ್ತು. ಅವನು ಅದನ್ನು ಕಂಡ.

"ನಲವತ್ತಾರು?" ಅಂತ ಕೇಳಿದ.

"ನಲವತ್ತೇಳು ಸರ್. ಹಿಂದಿನ ಸೀಟಿನಲ್ಲಿ ಒಂದು ಚಿಕ್ಕ ಮಗು ಮಲಗಿದೆ," ಅಂದಳು, ತನಗೆ ಬರುವ ಇಂಗ್ಲಿಷಿನಲ್ಲಿ.

ಅವನು ಹಿಂದೆ ಹೋಗಿ ನೋಡಿ ಬಂದ. ಬಂದವನು ಟೋಪಿ ತೆಗೆದು, ಇದು ನಿಮ್ಮ ವೃತ್ತಿಯೇ ಅಂತ ವಿಚಾರಿಸಿದ. ಶಾಲಾ ಬಸ್ಸು, ದುಬೈ, ಇಪ್ಪತ್ತೆರಡು ವರ್ಷ ಅಂದಳು. "ಹಾಗಾದರೆ ನಿಮ್ಮ ಗುಂಪಿನ ಮೂವರ ಲೆಕ್ಕ ನಿಮ್ಮದು, ಮ್ಯಾಡಮ್. ನಾನು ನಿಮ್ಮನ್ನು ಕೇಳುತ್ತೇನೆ, ನೀವು ಹೇಳಿದರೆ ಸಾಕು," ಅಂದ. ಅವಳ ಮುಖ ಅರಳಿತು. ರೊಸಲಿನ್‌ಳ ಮುಖ ಹುಳ್ಳಗಾಯಿತು. "ಎಲ್ಲಿ ಹೋದ್ರೂ ಇವಳದ್ದೊಂದು ಎಣಿಕೆ," ಅಂತ ಸೌದಾಳ ಕಿವಿಯಲ್ಲಿ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು.

ವಿಂಡ್ಸರ್‌ನಲ್ಲೂ ಬಾತ್‌ನಲ್ಲೂ ಬಸ್ಸು ಹೊರಡುವಾಗ ಕಾಲಿನ್ ಅವಳ ಸೀಟಿನ ಹತ್ತಿರ ನಿಂತು ಕೇಳಿದ, ಅವಳು ಮೂರು ಅಂದಳು, ಬಸ್ಸು ಹೊರಟಿತು.

ಸಂಜೆ ಕಲ್ಲುಗಳ ಹತ್ತಿರ ಬಂದರು. ಬಯಲಿನ ಮಧ್ಯೆ, ಗಾಳಿಯಲ್ಲಿ, ಆ ಕಲ್ಲುಗಳು. ವಾರಿಜಾಕ್ಷಿಗೆ ಹಗ್ಗದ ಈಚೆ ನಿಂತು ಸುಮ್ಮನೆ ನೋಡಬೇಕು ಅನ್ನಿಸಿತು. ನೋಡಲು ಬಿಟ್ಟರಲ್ಲವೇ? "ವಾರಿಜ, ಫೋಟೋ ತೆಗಿ." ತೆಗೆದಳು. "ತಲೆ ಕಟ್ ಆಯ್ತು. ಇನ್ನೊಂದು." ತೆಗೆದಳು. "ಕಲ್ಲು ಎಲ್ಲಿ ಇದರಲ್ಲಿ? ಮಂಡೆ ಸಮ ಉಂಟಾ ನಿಂಗೆ?" ಪಕ್ಕದಲ್ಲಿ ಮುಂಬೈಯ ಗಂಡಹೆಂಡತಿ, ಸ್ವಂತ ಕಾರಿನಲ್ಲಿ ಬಂದವರು, ಒಳ್ಳೆಯ ಕ್ಯಾಮೆರಾ ಹಿಡಿದು ನಿಂತಿದ್ದರು. ರೊಸಲಿನ್ ಅವರತ್ತ ತಿರುಗಿ ಹಿಂದಿಯಲ್ಲಿ ಶುರುಮಾಡಿದಳು. "ನೀವೇ ತೆಗೆದುಕೊಡಿ. ಇವಳು ನಮ್ಮ ಆಯಾ. ಪಾಪ, ಲೋಕ ನೋಡಿದವಳಲ್ಲ, ನಾನೇ ಕರ್ಕೊಂಡು ಬಂದದ್ದು." ಮುಂಬೈಯ ಹೆಂಗಸು ವಾರಿಜಾಕ್ಷಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಎಷ್ಟು ಒಳ್ಳೆಯವರು ನೀವು," ಅಂತ ರೊಸಲಿನ್‌ಳನ್ನು ಹೊಗಳಿದಳು.

ಯಾರ ದುಡ್ಡಿನಲ್ಲಿ ಯಾರನ್ನು ಕರೆದುಕೊಂಡು ಬಂದದ್ದು? ರೊಸಲಿನ್ ತನ್ನ ಫೋನನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಇವಳ ಎದೆಗೆ ಒತ್ತಿದಳು. "ನೀವಿಬ್ರು ಮುಂದೆ ಹೋಗಿ. ಇವರ ಕ್ಯಾಮೆರಾದಲ್ಲಿ ಎರಡು ಫೋಟೋ ತೆಗೆಸಿ ನಾನು ಬರ್ತೇನೆ."

ಕಲ್ಲಿನ ಹತ್ತಿರದಿಂದ ದೊಡ್ಡ ಬಸ್ಸು ನಿಲ್ಲುವಲ್ಲಿಗೆ ಸಣ್ಣ ಬಸ್ಸಿನಲ್ಲಿ ಬರಬೇಕು. ಇಬ್ಬರೂ ಬಂದರು. ಸೌದಾ ತಲೆಸುತ್ತಿಗೆ ಮಾತ್ರೆ ನುಂಗಿದ್ದಳು, ಕಿಟಕಿಗೆ ಒರಗಿದವಳೇ ನಿದ್ದೆಹೋದಳು. ಐದೂಕಾಲಿಗೆ ಹೊರಡುವುದು ಅಂತ ಕಾಲಿನ್ ಎರಡೆರಡು ಸಲ ಹೇಳಿದ್ದ. ಐದೂಕಾಲಾಯಿತು. ಮಳೆ ಹನಿಯತೊಡಗಿತ್ತು, ಜನ ಒದ್ದೆ ಕೋಟು ಬಿಚ್ಚಿ ಸೀಟು ಬದಲಿಸಿ ಗಲಾಟೆ ಮಾಡುತ್ತಿದ್ದರು. ಕಾಲಿನ್ ಅವಳ ಬಳಿ ಬಂದ.

"ಥ್ರೀ, ಮ್ಯಾಡಮ್?"

ಅವಳು ಎಣಿಸಿಯಾಗಿತ್ತು. ಎರಡು. ಮುಂದಿನ ಸೀಟು ಖಾಲಿ, ಬ್ಯಾಗು ತೊಡೆಯ ಮೇಲೆ. ಕಿಟಕಿಯಾಚೆ ರೊಸಲಿನ್ ಕಾಣುತ್ತಿರಲಿಲ್ಲ. ಒಂದು ನಿಮಿಷ ನಿಲ್ಲಿ ಅಂದಿದ್ದರೆ ನಿಲ್ಲುತ್ತಿದ್ದ, ಅಂಥ ಮನುಷ್ಯ ಅವನು. ಅವಳಿಗೆ ಅದು ಗೊತ್ತಿತ್ತು. ಇರಲಿ, ಒಂದು ದಿನ ತನ್ನ ಬ್ಯಾಗು ತಾನು ಹುಡುಕಲಿ, ತನ್ನ ಬಸ್ಸು ತಾನು ಹುಡುಕಲಿ ಅಂದಿತು ಮನಸ್ಸು. ಇಪ್ಪತ್ತೆರಡು ವರ್ಷ ನೆಟ್ಟಗಿದ್ದ ನಾಲಿಗೆ ಅವತ್ತು ಹೊರಳಿತು.

"ಥ್ರೀ. ಮೂವರೂ ಇದ್ದೇವೆ," ಅಂದಳು.

"ಥ್ಯಾಂಕ್ ಯೂ," ಅಂದ ಕಾಲಿನ್. ಬಸ್ಸು ಹೊರಟಿತು.

ಮೊದಲ ಹತ್ತು ನಿಮಿಷ ಅವಳಿಗೆ ಎಂಥ ಸುಖ ಅಂತೀರಿ! ಸುಳ್ಳು ಯಾಕೆ ಹೇಳಬೇಕು, ಸುಖವೇ. ಕಾಲು ಚಾಚಿ ಕೂತಳು. ಹಸಿರು ಹೊಲ, ಕುರಿ, ಸಣ್ಣಸಣ್ಣ ಊರು, ಇಂಗ್ಲೆಂಡ್ ಅಂತ ಅವಳು ಮನಸಾರೆ ನೋಡಿದ್ದು ಅವತ್ತೇ, ಅಷ್ಟೇ ಹೊತ್ತು. ಅಷ್ಟರಲ್ಲಿ ರಸ್ತೆಯ ಹೊಂಡಕ್ಕೆ ಬಸ್ಸು ಎತ್ತಿಹಾಕಿ ಸೌದಾ ಎಚ್ಚರಗೊಂಡಳು.

"ವಾರಿಜಕ್ಕ, ರೊಸಲಿನ್ ಬಾಯಿ ಎಲ್ಲಿ?"

ಸೌದಾ ಗಾಬರಿಯಲ್ಲಿ ಫೋನು ಮಾಡಿದಳು. ಫೋನು ರಿಂಗಾದದ್ದು ವಾರಿಜಾಕ್ಷಿಯ ತೊಡೆಯ ಮೇಲಿನ ಬ್ಯಾಗಿನಲ್ಲಿ. ಸೌದಾ "ಯಾ ಅಲ್ಲಾ!" ಅಂತ ಕಿರುಚಿದ್ದಕ್ಕೆ ಕಾಲಿನ್ ಓಡಿಬಂದ. ಖಾಲಿ ಸೀಟನ್ನು ನೋಡಿದ, ಬ್ಯಾಗನ್ನು ನೋಡಿದ.

"ಬಟ್ ಯೂ ಸೆಡ್ ಥ್ರೀ," ಅಂದ, ಮೆಲ್ಲಗೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಬಸ್ಸು ಹೆದ್ದಾರಿ ಸೇರಿತ್ತು, ತಿರುಗಿಸುವಂತಿರಲಿಲ್ಲ. ಕಾಲಿನ್ ಫೋನಿನ ಮೇಲೆ ಫೋನು ಮಾಡಿದ. ರೊಸಲಿನ್ ಬೇರೆ ಕಂಪನಿಯ ಬಸ್ಸಿನಲ್ಲಿ ಹೋಟೆಲಿಗೆ ಬಂದು ಸೇರುವಾಗ ಎಂಟೂವರೆ, ಅಲ್ಲಿಯ ಬೇಸಿಗೆಯಲ್ಲಿ ಇನ್ನೂ ಬೆಳಕಿತ್ತು. ಒದ್ದೆ ಕೂದಲು, ಅತ್ತು ಊದಿದ ಕಣ್ಣು. ವಾರಿಜಾಕ್ಷಿ ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದಳು. ರೊಸಲಿನ್ ಅವಳನ್ನು ತಬ್ಬಿಕೊಂಡಳು.

"ಆ ಮುದುಕ ನಿನ್ನ ಮಾತು ಕೇಳ್ಲಿಲ್ಲ ಅಲ್ವಾ? ನಂಗೆ ಗೊತ್ತುಂಟು. ಬಿಡುದಿಲ್ಲ ನಾನು ಅವನನ್ನು."

ವಾರಿಜಾಕ್ಷಿ ಬ್ಯಾಗನ್ನು ಅವಳ ಕೈಗೆ ಕೊಟ್ಟಳು. ಸೌದಾ ನೆಲ ನೋಡುತ್ತಿದ್ದಳು.

ದುಬೈಗೆ ಮರಳಿ ಮೂರು ವಾರವಾಯಿತು. ಶಾಲೆ ತೆರೆಯಲು ಎಂಟು ದಿನ ಇರುವಾಗ ರೊಸಲಿನ್ ಇಬ್ಬರನ್ನೂ ಅಲ್ ನಹ್ದಾದ ತನ್ನ ಫ್ಲಾಟಿಗೆ ಕರೆದಳು. ಬನ್ಸು, ಚಹಾ, ಟೀವಿಯಲ್ಲಿ ಇಂಗ್ಲೆಂಡಿನ ಫೋಟೋಗಳು. ಒಂದರಲ್ಲೂ ವಾರಿಜಾಕ್ಷಿ ಇರಲಿಲ್ಲ. ಅದಾದ ಮೇಲೆ ರೊಸಲಿನ್ ಎರಡು ಕಾಗದ ತಂದಳು. ಟೂರ್ ಕಂಪನಿಗೆ ಅವಳು ದೂರು ಬರೆದಿದ್ದಳು. ಗೈಡನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಮಾಡುತ್ತಿದ್ದೇವೆ ಅಂತ ಅವರು ಉತ್ತರಿಸಿದ್ದರು.

"ಅವನ ಧೈರ್ಯ ನೋಡು ವಾರಿಜ. ನಿನ್ನ ಮೇಲೆಯೇ ಹಾಕಿದ್ದಾನೆ! ನಾನು ಕೇಳಿದೆ, ಆ ಹೆಂಗಸು ಮೂವರೂ ಇದ್ದೇವೆ ಅಂದ್ಲು ಅಂತ ಬರೆದುಕೊಟ್ಟಿದ್ದಾನೆ. ಇಪ್ಪತ್ತೆರಡು ವರ್ಷ ಮಕ್ಕಳನ್ನು ಎಣಿಸಿದವಳು ನೀನು, ಒಂದು ಕೂದಲು ಕೊಂಕ್ಲಿಲ್ಲ. ನೀನು ಹಾಗೆ ಹೇಳ್ತೀಯಾ? ಇದು ನಿನ್ನ ಹೆಸರಲ್ಲಿ ಬರೆದದ್ದು, ಇಲ್ಲಿ ಸೈನ್ ಹಾಕು. ಒಬ್ರು ಬರ್ಲಿಲ್ಲ ಅಂತ ನಾನು ಎರಡು ಸಲ ಹೇಳಿದೆ, ಗೈಡ್ ಕೇಳ್ಲಿಲ್ಲ ಅಂತ ಬರೆದದ್ದುಂಟು. ಇದೊಂದು ಹೋದ್ರೆ ಅವನ ಕೆಲಸ ಖಲಾಸ್."

ಇಪ್ಪತ್ತೆರಡು ವರ್ಷ ಈ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದಳು ವಾರಿಜಾಕ್ಷಿ. ಬಂದದ್ದು ಹೀಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆಯ ಕಬ್ಬಿಣವನ್ನು ಅವಳ ಕೈಗೇ ಕೊಟ್ಟು ಎಳೆ ಅನ್ನುತ್ತಿದ್ದಾರೆ. ಬಸ್ಸಿನಲ್ಲಿ ಜನ ಎಣಿಸುವ ಕೆಲಸ ಏನೆಂದು ಅವಳಿಗೆ ಗೊತ್ತು. ಎಣಿಕೆ ತಪ್ಪಿದವ ಅಂತ ಒಮ್ಮೆ ಹೆಸರು ಬಂದರೆ ಮತ್ತೆ ಯಾವ ಬಸ್ಸಿಗೂ ಹತ್ತಿಸುವುದಿಲ್ಲ. ಅದೂ ಆ ವಯಸ್ಸಿನಲ್ಲಿ.

"ಅವ ಸುಳ್ಳು ಹೇಳ್ಲಿಲ್ಲ," ಅಂದಳು.

"ಎಂತ?"

"ಅವ ಕೇಳಿದ. ನಾನು ಮೂರು ಅಂದೆ."

ರೊಸಲಿನ್ ಸೌದಾಳನ್ನು ನೋಡಿದಳು. ಸೌದಾ ತಲೆ ಎತ್ತಲಿಲ್ಲ. ರೊಸಲಿನ್ ನಿಧಾನ ಹೇಳಿದಳು. "ಗಡಿಬಿಡಿಯಲ್ಲಿ ಎಣಿಕೆ ತಪ್ಪಿತು. ಅಷ್ಟೇ ಅಲ್ವಾ? ಹೇಳು, ತಪ್ಪಿತು ಅಂತ. ಮನುಷ್ಯರಿಗೆ ತಪ್ಪುದುಂಟು."

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಗೆಳೆತನವೂ ಉಳಿಯುತ್ತಿತ್ತು, ಇದ್ದಷ್ಟು. ಆದರೆ ವಾರಿಜಾಕ್ಷಿಯ ಕತ್ತು ನೆಟ್ಟಗಾಯಿತು.

"ನನ್ನ ಎಣಿಕೆ ತಪ್ಪುದಿಲ್ಲ. ಎಣಿಸಿದ್ದೆ. ಎರಡೇ ಇತ್ತು. ಗೊತ್ತಿದ್ದೇ ಮೂರು ಅಂದದ್ದು."

"ಬೇಕಂತ್ಲೇ ಬಿಟ್ಟದ್ದಾ ನನ್ನನ್ನು?" ರೊಸಲಿನ್‌ಳ ದನಿ ಸೀಳಿತು. "ಒಂದು ಗಂಟೆ ಮಳೆಯಲ್ಲಿ ನಿಂತಿದ್ದೆ ಅಲ್ಲಿ. ಬಸ್ಸು ಬಂದ್ರೆ ತಪ್ಪುತ್ತದೆ ಅಂತ ಬಾತ್‌ರೂಮಿಗೂ ಹೋಗ್ಲಿಲ್ಲ. ಹೋಟೆಲಿನ ಹೆಸರು ಬಾಯಿಗೆ ಬರ್ಲಿಲ್ಲ ನಂಗೆ. ವಾರಿಜ ಇದ್ದಾಳಲ್ಲ, ಅವಳು ಬಸ್ಸು ತಿರುಗಿಸ್ತಾಳೆ, ಅವಳು ಯಾರನ್ನೂ ಬಿಡುದಿಲ್ಲ ಅಂತ ಅಲ್ಲಿದ್ದವರಿಗೆಲ್ಲ ಹೇಳಿದ್ದೆ ನಾನು!"

ಈ ಮಾತು ನಾಟಿತು. ಚೆನ್ನಾಗಿ ನಾಟಿತು. ಆದರೂ ವಾರಿಜಾಕ್ಷಿ ಹಿಂದೆ ಸರಿಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ನೀವು ಬರಲಿಲ್ಲ.

"ನೀನು ಮುಂಬೈಯವರ ಹತ್ರ ಆಯಾ ಅಂದಿ, ರೊಸಲಿನ್. ಏರ್‌ಪೋರ್ಟಿನಲ್ಲಿ ಕೆಲಸದವಳು ಅಂದಿ. ನಿನ್ನನ್ನು ಬಿಟ್ಟು ಬಂದದ್ದಕ್ಕೆ ನಂಗೆ ಬೇಜಾರಿಲ್ಲ, ಇವತ್ತು ಬೇಕಾದ್ರೂ ಬಿಡ್ತೇನೆ. ಆ ಮನುಷ್ಯ ಎಂತ ಮಾಡಿದ್ದ? ಅವನ ಹೊಟ್ಟೆಗೆ ಹೊಡೀಲಿಕ್ಕೆ ನನ್ನ ಸೈನು ಸಿಗುದಿಲ್ಲ."

ಸೈನಿಗೆ ಇಟ್ಟ ಕಾಗದವನ್ನು ಮಗುಚಿ, ಅದರ ಬೆನ್ನಿಗೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು. ಗೈಡ್ ಕೇಳಿದರು. ನಾವು ಇಬ್ಬರೇ ಅಂತ ನನಗೆ ಗೊತ್ತಿತ್ತು. ಮೂವರು ಅಂತ ಸುಳ್ಳು ಹೇಳಿದೆ. ಕೆಳಗೆ ಹೆಸರು, ಕೆಲಸ. ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದು, ಎದುರಿಗೆ ಬಿದ್ದಿದ್ದ ಕಂಪನಿಯ ಉತ್ತರದಲ್ಲಿದ್ದ ಇಮೇಲ್ ವಿಳಾಸಕ್ಕೆ ಅಲ್ಲಿಯೇ ಕಳುಹಿಸಿದಳು. ಅಕ್ಷರ ಹುಡುಕಿ ಒತ್ತಲು ಅವಳಿಗೆ ಹತ್ತು ನಿಮಿಷ ಹಿಡಿಯಿತು.

"ಹೋಗು ನನ್ನ ಮನೆಯಿಂದ," ಅಂದಳು ರೊಸಲಿನ್. "ನಾಳೆಯೇ ನಿನ್ನ ಶಾಲೆಗೆ ಫೋನ್ ಮಾಡ್ತೇನೆ. ಮಕ್ಕಳಿಗೂ ಗೊತ್ತಾಗ್ಲಿ ಯಾರ ಕೈಯಲ್ಲಿ ಇದ್ದಾರೆ ಅಂತ."

ಮಾಡಿದಳು. ಮಾತು ಕೊಟ್ಟರೆ ತಪ್ಪುವವಳಲ್ಲ ರೊಸಲಿನ್.

ಮರುದಿನ ಮುಹೈಸ್ನಾದ ಡಿಪೋದಲ್ಲಿ ಟ್ರಾನ್ಸ್‌ಪೋರ್ಟ್ ಮ್ಯಾನೇಜರ್ ಇಲ್ಯಾಸ್ ಅವಳನ್ನು ಒಳಗೆ ಕರೆದ. ಉಳ್ಳಾಲದವನು, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಎಲ್ಲರೂ ಇಳಿದರು ಎಂಬ ಅವಳ ಸಹಿಯ ಮೇಲೆ ಹನ್ನೆರಡು ವರ್ಷದಿಂದ ಬಸ್ಸಿಗೆ ಬೀಗ ಹಾಕಿಸಿದವನು.

"ವಾರಿಜಕ್ಕ, ಅವರು ಹೇಳಿದ್ದು ಹೌದಾ?"

"ಹೌದು."

ಅವನು ಮುಖ ಉಜ್ಜಿಕೊಂಡ. "ಮರೆತದ್ದು ಅಂತ ಹೇಳಿ, ಇಲ್ಲಿಗೇ ಬಿಡುವಾ. ಉಳಿದದ್ದು ಮಗು ಅಲ್ಲ, ದೊಡ್ಡವರು, ಬೇರೆ ದೇಶ, ಬೇರೆ ಬಸ್ಸು."

"ಮರೆತದ್ದಲ್ಲ."

"ಕೋಪದಲ್ಲಿ ಬಿಟ್ಟದ್ದಾ?"

"ಹೌದು. ಕೋಪದಲ್ಲಿ."

"ನಮ್ಮ ಮಕ್ಕಳನ್ನು ಹಾಗೆ ಬಿಡ್ತೀರಾ ನೀವು?"

"ಇಲ್ಲ!" ಅಂತ ಕೂಗಿದಳು ವಾರಿಜಾಕ್ಷಿ. ಕಣ್ಣಲ್ಲಿ ನೀರು ಬಂದಿತ್ತು. "ಸತ್ರೂ ಇಲ್ಲ."

ಅವನ ದನಿಯಲ್ಲಿ ಬೈಗುಳ ಇರಲಿಲ್ಲ. "ನಂಗೆ ಹೇಗೆ ಗೊತ್ತಾಗ್ಬೇಕು ವಾರಿಜಕ್ಕ? ಇಷ್ಟು ವರ್ಷ ನೀವು ಹೇಳಿದ್ರೆ ಸಾಕಿತ್ತು, ನಾನು ಹಿಂದೆ ಹೋಗಿ ನೋಡ್ಲಿಲ್ಲ. ಇನ್ನು ನೀವು ಎಲ್ಲರೂ ಇಳಿದ್ರು ಅಂದ್ರೆ ನಾನು ಹೇಗೆ ನಂಬುದು?"

ಅವಳು ಇಪ್ಪತ್ತೆರಡು ವರ್ಷದ ಎಲ್ಲ ಬೆಳಗುಗಳನ್ನೂ ತಡಕಾಡಿದಳು. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅವನ ಕುರ್ಚಿಯಲ್ಲಿ ಕೂತಿದ್ದರೆ ತಾನೂ ಅದನ್ನೇ ಕೇಳುತ್ತಿದ್ದಳು.

"ನಂಬ್ಲಿಕ್ಕೆ ಆಗುದಿಲ್ಲ ಸರ್," ಅಂದಳು. ಕುತ್ತಿಗೆಯಿಂದ ಕಾರ್ಡು ತೆಗೆದು ಅವನ ಮೇಜಿನ ಮೇಲಿಟ್ಟು ಹೊರಗೆ ನಡೆದಳು.